ಕೊನೆ ಗದ್ದೆಗೂ ನೀರು ತಲುಪಲಿ: ಹೃದಯ ಸ್ಕ್ಯಾನ್ ನಿಧಿಗೆ ದೇಣಿಗೆ ಮನವಿ

ಆತ್ಮೀಯರೇ, ನಮಸ್ಕಾರ.

ನಾನು ರೋಗಿಗಳ ಹೃದಯ ಸ್ಕ್ಯಾನ್ ಖರ್ಚು ಕಟ್ಟುವ ಈ ಟ್ರಸ್ಟಿನ ಕಾರ್ಯದರ್ಶಿ. ನಮ್ಮಪ್ಪ ಮಂಡ್ಯ ಹತ್ತಿರದ ಆಲೆಮನೆಯಲ್ಲಿ ಕೊಪ್ಪರಿಗೆ ಮುಂದೆ ನಿಂತು ದುಡಿದವರು. ಕಬ್ಬಿನ ಹೊರೆ ಎತ್ತಿದರೆ ಎದೆ ಹಿಡಿಯುತ್ತಿತ್ತು, ಕೂತರೆ ಸರಿಹೋಗುತ್ತಿತ್ತು. ಮಲಗಿಸಿ ಇಸಿಜಿ ತೆಗೆದಾಗ ಏನೂ ಕಾಣಲಿಲ್ಲ. ಗ್ಯಾಸ್ಟ್ರಿಕ್ ಅಂತ ಮಾತ್ರೆ ಕೊಟ್ಟು ಕಳಿಸಿದರು.

ಸುಮ್ನೆ ಕೂತಾಗ ಹೃದಯಕ್ಕೆ ಬೇಕಾದಷ್ಟು ರಕ್ತ ಸಣ್ಣಗಾದ ನಾಳದಲ್ಲೂ ಹರಿದುಬಿಡುತ್ತದೆ. ಮೈಮುರಿದು ದುಡಿಯುವಾಗ ಅದರ ಮೂರು ನಾಲ್ಕು ಪಟ್ಟು ಬೇಕು. ಕೊರತೆ ಗೊತ್ತಾಗೋದು ಆಗಲೇ. ಅದಕ್ಕೇ ಔಷಧಿ ಕೊಟ್ಟು ಹರಿವು ಹೆಚ್ಚಿಸಿ, ಹೃದಯದ ಮಾಂಸಖಂಡಕ್ಕೆ ರಕ್ತ ಸರಿಯಾಗಿ ತಲುಪುತ್ತಿದೆಯೇ ಅಂತ ಸ್ಕ್ಯಾನ್ ಮಾಡುತ್ತಾರೆ.

ಆಂಜಿಯೋಗ್ರಾಂ ಆಗಿದೆಯಲ್ಲ, ಇದು ಬೇರೆ ಯಾಕೆ ಅಂತ ಕೇಳುವವರಿದ್ದಾರೆ. ನಾಲೆಯಲ್ಲಿ, ಅಂದರೆ ಹೃದಯದ ರಕ್ತನಾಳದಲ್ಲಿ, ಎಲ್ಲಿ ಹೂಳು ತುಂಬಿದೆ ಅಂತ ಆಂಜಿಯೋಗ್ರಾಂ ತೋರಿಸುತ್ತದೆ. ಕೊನೆ ಗದ್ದೆ, ಅಂದರೆ ಹೃದಯದ ಮಾಂಸಖಂಡ, ನೆಂದಿದೆಯೋ ಇಲ್ಲವೋ ಅದರಲ್ಲಿ ನೇರವಾಗಿ ಕಾಣುವುದಿಲ್ಲ. ವಿಶ್ವೇಶ್ವರಯ್ಯ ನಾಲೆ ನೀರಿಗೆ ರಾತ್ರಿಯೆಲ್ಲಾ ಕಾದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಆ ಗದ್ದೆ ನೋಡೋಕೆ ಮುಖ್ಯವಾಗಿ ಮೂರು ದಾರಿ. ಜಾಸ್ತಿ ಕಡೆ ಸಿಗುವುದು ಸ್ಪೆಕ್ಟ್ ಅನ್ನೋ ಸ್ಕ್ಯಾನ್. ಟೆಕ್ನೀಷಿಯಂ ಅನ್ನೋ ವಿಕಿರಣ ವಸ್ತು ಕೊಟ್ಟು ಗಾಮಾ ಕ್ಯಾಮೆರಾದಲ್ಲಿ ಚಿತ್ರ ತೆಗೆಯುತ್ತಾರೆ. ಆದರೆ ಅದು ಒಂದು ಗದ್ದೆಯನ್ನು ಪಕ್ಕದ ಗದ್ದೆ ಜೊತೆ ಹೋಲಿಸಿ ನೋಡುವ ಲೆಕ್ಕ. ಮೂರೂ ನಾಳ ಒಂದೇ ಸಮ ಕಟ್ಟಿಕೊಂಡಿದ್ದರೆ ಎಲ್ಲವೂ ಒಂದೇ ಥರ ಕಂಡು ರೋಗ ತಪ್ಪಿಸಿಕೊಳ್ಳಬಹುದು. ಎರಡನೆಯದಾದ ಪೆಟ್ ಸ್ಕ್ಯಾನ್ ಹಾಗಲ್ಲ. ಒಂದು ಗ್ರಾಂ ಮಾಂಸಖಂಡಕ್ಕೆ ನಿಮಿಷಕ್ಕೆ ಎಷ್ಟು ಮಿಲಿಲೀಟರ್ ರಕ್ತ ಅಂತ ಅಳೆದೇ ಹೇಳುತ್ತದೆ. ಅದಕ್ಕೆ ಬಳಸುವ ರುಬಿಡಿಯಂ ಅನ್ನೋ ವಿಕಿರಣ ವಸ್ತು ಬರೀ 76 ಸೆಕೆಂಡಿಗೆ ಅರ್ಧವಾಗಿಬಿಡುತ್ತದೆ, ದೂರದಿಂದ ತಂದಿಡೋಕಾಗಲ್ಲ, ಸ್ಥಳದಲ್ಲೇ ತಯಾರಾಗಬೇಕು. ಹಾಗಾಗಿ ದುಬಾರಿ. ಎಂಆರ್‌ಐನಲ್ಲಿ ವಿಕಿರಣವೇ ಇಲ್ಲ. ಹೃದಯದ ಒಳಪದರದ ತೆಳು ಕೊರತೆಯೂ ಕಾಣುತ್ತದೆ. ಆದರೆ ಕಿಡ್ನಿ ತೀರಾ ಸೋತವರಿಗೆ, ಕೆಲವು ಪೇಸ್‌ಮೇಕರ್ ಇದ್ದವರಿಗೆ ಯೋಚಿಸಿ ಮಾಡಬೇಕು. ಸಿಟಿ ಸ್ಕ್ಯಾನಿನಲ್ಲೂ ಈಗ ಹರಿವು ನೋಡುತ್ತಾರೆ.

ಯಾರಿಗೆ ಯಾವುದು ಅಂತ ಡಾಕ್ಟರ್ ಹೇಳಬೇಕು, ಜೇಬು ಹೇಳಬಾರದು. ನಮ್ಮ ಬೇಡಿಕೆ ಇಷ್ಟೇ.

ಅಪ್ಪನ ಸ್ಕ್ಯಾನ್ ದಿನ ಬೆಳಗ್ಗೆ ಮಂಡ್ಯ ಬಸ್ ಸ್ಟ್ಯಾಂಡಿನಲ್ಲಿ ನಾನೇ ಕಾಫಿ ಕುಡಿಸಿದೆ. ಮೈಸೂರು ತಲುಪಿದ ಮೇಲೆ ನರ್ಸಮ್ಮ ಕೇಳಿದರು, "ಕಾಫಿ ಕುಡಿದ್ರಾ ಯಜಮಾನ್ರೇ?" ಕಾಫಿ ಟೀಯಲ್ಲಿರುವ ಕೆಫೀನ್ ಹರಿವು ಹೆಚ್ಚಿಸುವ ಆ ಔಷಧಿಗೆ ಅಡ್ಡ ಬರುತ್ತದಂತೆ. ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು. ಯಾರೂ ಓದಿ ಹೇಳಿರಲಿಲ್ಲ. ಸ್ಕ್ಯಾನ್ ಆಗಲಿಲ್ಲ, ಅವತ್ತಿನ ಕೂಲಿ, ಬಸ್ ಚಾರ್ಜು ಎರಡೂ ಹೋಯಿತು. ಅಪ್ಪ ಮತ್ತೆ ಬರಲ್ಲ ಅಂತ ಹಟ ಹಿಡಿದು ಕೂತರು. ಒಪ್ಪಿಸುವುದರಲ್ಲಿ ತಿಂಗಳೇ ಕಳೆಯಿತು.

ಅದಕ್ಕೇ ನಮ್ಮ ಹುಡುಗರು ಹಿಂದಿನ ದಿನವೇ ಫೋನ್ ಮಾಡಿ ಕನ್ನಡದಲ್ಲಿ ಎಲ್ಲ ಹೇಳುತ್ತಾರೆ, ಜೊತೆಗೂ ಹೋಗುತ್ತಾರೆ. ಸ್ಕ್ಯಾನ್ ದುಡ್ಡನ್ನು ರೋಗಿಯ ಹೆಸರಲ್ಲಿ ನೇರವಾಗಿ ಆಸ್ಪತ್ರೆ ಕೌಂಟರಿಗೆ ಕಟ್ಟಿ ರಸೀದಿ ಇಡುತ್ತೇವೆ. ಕೊಟ್ಟವರು ಯಾವಾಗ ಬಂದರೂ ನೋಡಬಹುದು.

ನೂರು ರೂಪಾಯಿಯಾದರೂ ಸರಿ. ಟ್ರಸ್ಟಿನ ಹೆಸರಿಗೆ ಚೆಕ್ ಬರೆಯಿರಿ, ಇಲ್ಲವೇ ಆಫೀಸಿಗೆ ಬಂದು ಕೊಡಿ. ಸುಗ್ಗಿ ಮುಗಿದ ಮೇಲೆ ಕೊಡುತ್ತೇನೆ ಅನ್ನುವವರು ಈಗಲೇ ಹೆಸರು ಬರೆಸಿ. ಒಂದು ಅಚ್ಚು ಬೆಲ್ಲ ಕೊಟ್ಟರೂ ಮಾರಿ ನಿಧಿಗೆ ಸೇರಿಸುತ್ತೇವೆ.

ಇಂತಿ ನಿಮ್ಮ,
ಕಾರ್ಯದರ್ಶಿ, ಮಂಡ್ಯ