"ಕಂಪ್ಯೂಟರ್ ಸೆಟ್ - 1" ಅಂತ ಬರೆದ ಚೀಟಿ ಬಿಲ್ ಅಲ್ಲ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಹೋದ ವಾರ ಪಕ್ಕದ ಮನೆ ಹುಡುಗ ಮೊಬೈಲ್ ಹಿಡ್ಕೊಂಡು ಬಂದು, ಅಕ್ಕಾ ಇದು ತಗೋಬಹುದಾ ನೋಡಿ ಅಂತ ಒಂದು ಜಾಹೀರಾತು ತೋರಿಸ್ದ. ಐ7 ಗೇಮಿಂಗ್ ಪಿಸಿ, 16 ಜಿಬಿ ರ‍್ಯಾಮ್, 4 ಜಿಬಿ ಗ್ರಾಫಿಕ್ಸ್ ಕಾರ್ಡ್, ಬರೀ 18,999 ರೂಪಾಯಿ, ಜೊತೆಗೆ ಬಣ್ಣದ ಲೈಟ್ ಇರೋ ಗ್ಲಾಸ್ ಕ್ಯಾಬಿನೆಟ್ ಫೋಟೊ. ನೋಡ್ತಿದ್ದಂಗೆ ನಂಗೆ ಹೊಟ್ಟೆಯೊಳಗೆ ಸಂಕಟ ಆಯ್ತು, ಯಾಕಂದ್ರೆ 2024ರ ದಸರಾ ರಜೆಯಲ್ಲಿ ಹೆಚ್ಚುಕಮ್ಮಿ ಇದೇ ಮಾತು ನಂಬಿ ನನ್ನ ತಮ್ಮ ದುಡ್ಡು ಕಳ್ಕೊಂಡಿದ್ದ. ಅದಕ್ಕೇ ಈ ಪತ್ರ ಬರೀತಿದ್ದೀನಿ.

ತಮ್ಮ ಡಿಪ್ಲೊಮಾ ಓದ್ತಿದ್ದಾನೆ. ರಜೆ ದಿನ ಛತ್ರಗಳಲ್ಲಿ ಬಡಿಸೋಕೆ ಹೋಗಿ ಎರಡು ಮದುವೆ ಸೀಸನ್ನಿನ ದುಡ್ಡು ಕೂಡಿಟ್ಟು, ಅದಕ್ಕೆ ಅಪ್ಪ ಸ್ವಲ್ಪ ಸೇರಿಸಿ, 18,500 ಕೊಟ್ಟು ಒಂದು ಅಂಗಡಿಯಿಂದ ಸೆಟ್ ತಂದ. ಮೂರು ವಾರ ಚೆನ್ನಾಗೇ ಇತ್ತು. ಒಂದು ಸಂಜೆ ಕರೆಂಟ್ ಹೋಗಿ ಬಂತು, ಟಪ್ ಅಂತ ಸದ್ದು, ರೂಮೆಲ್ಲ ಸುಟ್ಟ ವಾಸನೆ. ಅಂಗಡಿಯವರು ನಿಮ್ಮನೆ ವೋಲ್ಟೇಜ್ ಸರಿ ಇಲ್ಲ, ವಾರಂಟಿ ಬರಲ್ಲ ಅಂದ್ಬಿಟ್ರು.

ಗೊತ್ತಿರೋರ ಹತ್ರ ಬಿಚ್ಚಿಸಿ ನೋಡಿದಾಗ ವಿಷಯ ಗೊತ್ತಾಯ್ತು. ಐ7 ಅನ್ನೋದು ಸುಳ್ಳಲ್ಲ, ಅದು ಇಂಟೆಲ್ ಕಂಪನಿ ವರ್ಷಗಟ್ಟಲೆ ಬೇರೆ ಬೇರೆ ಪ್ರೊಸೆಸರಿಗೆ (ಕಂಪ್ಯೂಟರಿನ ಮಿದುಳಿಗೆ) ಇಟ್ಟ ಹೆಸರು, ಆದ್ರೆ ಇದು ಐ7 2600, ಅಂದ್ರೆ 2011ರಲ್ಲಿ ಮಾರ್ಕೆಟ್ಟಿಗೆ ಬಂದ ಪ್ರೊಸೆಸರ್. ರ‍್ಯಾಮ್ ಹಳೇ ತಲೆಮಾರಿನ ಡಿಡಿಆರ್3. ಆಟದ ಚಿತ್ರ ಮೂಡಿಸೋ ಗ್ರಾಫಿಕ್ಸ್ ಕಾರ್ಡ್ ಜಿಟಿ 730, ಅದು 2014ರದ್ದು, 4 ಜಿಬಿ ಇರೋದು ನಿಜ ಆದ್ರೆ ಕಾರ್ಡಿನ ಶಕ್ತಿಗೂ ಆ ಜಿಬಿಗೂ ಸಂಬಂಧ ಇಲ್ಲ, ದೊಡ್ಡ ಡ್ರಮ್ಮಿಗೆ ಸಣ್ಣ ನಲ್ಲಿ ಇಟ್ಟಂಗೆ. ಒಳಗಿನ ಪಾರ್ಟ್‌ಗಳಿಗೆ ಕರೆಂಟ್ ಕೊಡೋ ಡಬ್ಬ, ಅಂದ್ರೆ ಎಸ್‌ಎಂಪಿಎಸ್, ಅದರ ಮೇಲೆ 500 ವ್ಯಾಟ್ ಅಂತ ಸ್ಟಿಕ್ಕರ್ ಇತ್ತು, ಕೈಯಲ್ಲಿ ಎತ್ತಿದ್ರೆ ಖಾಲಿ ಡಬ್ಬ ಎತ್ತಿದಂಗೆ ಹಗುರ. ಸುಟ್ಟಿದ್ದೂ ಅದೇ, ಹೋಗ್ತಾ ಎಲ್ಲಾ ಪಾರ್ಟ್ ಕೂರೋ ಮದರ್‌ಬೋರ್ಡನ್ನೂ ಕರ್ಕೊಂಡು ಹೋಗಿತ್ತು.

ಇನ್ನು ಬಿಲ್. ತಮ್ಮ ಪರ್ಸಿನಿಂದ ತೆಗೆದುಕೊಟ್ಟಿದ್ದು ಒಂದು ಹಳದಿ ಚೀಟಿ, ಮೇಲೆ ಎಸ್ಟಿಮೇಟ್ ಅಂತ ಪ್ರಿಂಟು, ಕೆಳಗೆ ಬಾಲ್‌ಪೆನ್ನಲ್ಲಿ "ಕಂಪ್ಯೂಟರ್ ಸೆಟ್ - 1, 18,500". ಅಷ್ಟೇ. ಜಿಎಸ್‌ಟಿ ನಂಬರಿಲ್ಲ, ಮಾಡೆಲ್ ಇಲ್ಲ, ಸೀರಿಯಲ್ ನಂಬರ್ ಇಲ್ಲ, ಅಂಗಡಿ ಸೀಲೂ ಇಲ್ಲ. ನಾನು ಅಕೌಂಟ್ಸ್ ಕೆಲಸ ಮಾಡೋಳು, ದಿನಾ ಬೆಳಗಾದ್ರೆ ಬೇರೆಯವರ ಬಿಲ್ ಚೆಕ್ ಮಾಡ್ತೀನಿ, ನಮ್ಮನೆಗೆ ಬಂದ ಈ ಚೀಟಿ ಒಂದನ್ನ ಆವತ್ತೇ ಕೇಳಿ ನೋಡಿದ್ರೆ ಆ ಹುಡುಗನ ಎರಡು ಸೀಸನ್ ದುಡಿಮೆ ಉಳೀತಿತ್ತು ಅನ್ನೋ ನೋವು ಈಗ್ಲೂ ಇದೆ.

2025ರ ಫೆಬ್ರವರಿಯಲ್ಲಿ ನಾನು ಸ್ವಲ್ಪ ಹಾಕಿ, ಅವನು ಮತ್ತೆ ದುಡಿದು, ಈ ಸಲ ಒಂದೊಂದೇ ಪಾರ್ಟ್ ತಗೊಳ್ಳೋಣ ಅಂತ ಶನಿವಾರ ಬೆಳಗ್ಗೆ ಟ್ರೇನ್ ಹತ್ತಿ ಕಂಪ್ಯೂಟರ್ ಪಾರ್ಟಿನ ಅಂಗಡಿಗಳಿರೋ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋದ್ವಿ. ಎಎಂಡಿ ಕಂಪನಿಯ ರೈಜನ್ 5 5600ಜಿ ಪ್ರೊಸೆಸರ್ ತಗೊಂಡ್ವಿ, ಇದ್ರೊಳಗೇ ಗ್ರಾಫಿಕ್ಸ್ ಇರುತ್ತೆ, ಹಂಗಾಗಿ ಬೇರೆ ಕಾರ್ಡ್ ಸದ್ಯಕ್ಕೆ ಬೇಡ, ಮುಂದೆ ದುಡ್ಡಾದಾಗ ಹಾಕ್ಕೋಬಹುದು. ಬಜೆಟ್ ಕಮ್ಮಿ ಇರೋರು ಮಾಡಬೇಕಾದ್ದು ಇದೇ ಅಂತ ನನ್ನ ಅಭಿಪ್ರಾಯ, ಎಲ್ಲಾ ಒಂದೇ ಸಲ ಬೇಕು ಅಂತ ಹೋದಾಗಲೇ ಹಳೇ ಕಸ ತಲೆಗೆ ಕಟ್ತಾರೆ. ಒಂದು ಅಂಗಡಿಯಲ್ಲಿ ಇದೇ ಪ್ರೊಸೆಸರ್ ಬಾಕ್ಸ್ ಇಲ್ದೆ, ಟ್ರೇ ಪೀಸ್ ಅಂತ, ಕಮ್ಮಿ ರೇಟಿಗೆ ಕೊಡ್ತೀವಿ ಅಂದ್ರು, ಅದಕ್ಕೆ ಕಂಪನಿ ವಾರಂಟಿ ಸಿಗಲ್ಲ, ಮಾರಿದೋರೇ ನೋಡ್ಕೋಬೇಕು, ಬೇಡ ಅಂದ್ವಿ. ಬಾಕ್ಸ್ ಪೀಸಿಗೆ 3 ವರ್ಷ ಇದೆ, ಅದನ್ನ ತಣ್ಣಗಿಡೋ ಫ್ಯಾನೂ (ಕೂಲರ್) ಅದ್ರ ಜೊತೆಗೇ ಬರುತ್ತೆ. ರ‍್ಯಾಮ್ 16 ಜಿಬಿಯದ್ದು ಒಂದೇ ಸ್ಟಿಕ್ ಬದಲು 8 ಜಿಬಿಯದ್ದು ಎರಡು ತಗೊಂಡ್ವಿ. ಪ್ರೊಸೆಸರ್ ಒಳಗಿನ ಗ್ರಾಫಿಕ್ಸಿಗೆ ಸ್ವಂತ ಮೆಮೊರಿ ಇಲ್ಲ, ಈ ರ‍್ಯಾಮನ್ನೇ ಹಂಚ್ಕೊಳ್ಳುತ್ತೆ, ಎರಡು ಸ್ಟಿಕ್ ಇದ್ರೆ ದಾರಿ ಎರಡಾಗುತ್ತೆ, ಆಟದಲ್ಲಿ ಆ ವ್ಯತ್ಯಾಸ ಕಣ್ಣಿಗೇ ಕಾಣುತ್ತೆ. ಎಸ್‌ಎಂಪಿಎಸ್ ಮಾತ್ರ ಒಳ್ಳೆ ಕಂಪನಿಯದ್ದು, ಕರೆಂಟ್ ಪೋಲು ಕಮ್ಮಿ ಅನ್ನೋದಕ್ಕೆ ಕೊಡೋ 80 ಪ್ಲಸ್ ಬ್ರಾಂಝ್ ಗುರುತು ಇರೋದು, ಅಲ್ಲಿ ಮಾತ್ರ ಚೌಕಾಸಿ ಮಾಡ್ಲಿಲ್ಲ. ಮದರ್‌ಬೋರ್ಡ್, ಫೈಲ್ ಇಡೋಕೆ 500 ಜಿಬಿ ಎಸ್‌ಎಸ್‌ಡಿ, ಸಾದಾ ಕ್ಯಾಬಿನೆಟ್ ಎಲ್ಲಾ ಸೇರಿ 29,000 ಚಿಲ್ಲರೆ. ಮಾನಿಟರ್ ಹಳೇದೇ. ಎರಡು ಕಡೆ ಬಿಲ್ ಬೇಡಾಂದ್ರೆ ರೇಟ್ ಬೇರೆ ಅಂದ್ರು, ಮೂರನೇ ಕಡೆ ಕೇಳೋಕೆ ಮುಂಚೆನೇ ಪ್ರತಿ ಪಾರ್ಟಿನ ಸೀರಿಯಲ್ ನಂಬರ್ ಹಾಕಿ ಬಿಲ್ ಕೊಟ್ರು, ಅಲ್ಲೇ ತಗೊಂಡ್ವಿ.

ಆ ರಾತ್ರಿ ಹಾಲ್‌ನಲ್ಲಿ ಚಾಪೆ ಹಾಸಿ ಜೋಡಿಸೋಕೆ ಕೂತ್ವಿ. ಹನ್ನೊಂದು ಗಂಟೆಗೆ ಎಲ್ಲಾ ಮುಗಿದು ಸ್ವಿಚ್ ಒತ್ತಿದ್ರೆ ಫ್ಯಾನ್ ತಿರುಗುತ್ತೆ, ಸ್ಕ್ರೀನ್ ಮಾತ್ರ ಕಪ್ಪು. ತಮ್ಮನ ಮುಖ ನೋಡೋಕಾಗ್ತಿರ್ಲಿಲ್ಲ. ಆಮೇಲೆ ಟಾರ್ಚ್ ಬಿಟ್ಟು ನೋಡಿದ್ರೆ ಮದರ್‌ಬೋರ್ಡಿನ ಮೇಲ್ಗಡೆ ಮೂಲೆಯಲ್ಲಿ ಪ್ರೊಸೆಸರಿಗೆ ಅಂತ ಬೇರೆ ಪವರ್ ವೈರ್ ಹಾಕಬೇಕು, ಅದನ್ನೇ ಮರೆತಿದ್ವಿ. ಹಾಕಿದ ತಕ್ಷಣ ಬಂತು. ರ‍್ಯಾಮ್ 3200 ವೇಗದಲ್ಲಿ ಓಡಬೇಕಾದ್ದು 2400ರಲ್ಲಿ ಓಡ್ತಿತ್ತು, ಬಯಾಸ್ (ಮದರ್‌ಬೋರ್ಡಿನ ಸೆಟ್ಟಿಂಗ್ಸ್) ಒಳಗೆ ಹೋಗಿ ಪೂರ್ತಿ ವೇಗ ಕೊಡೋ ಎಕ್ಸ್‌ಎಂಪಿ ಆನ್ ಮಾಡಿದ್ಮೇಲೆ ಸರಿಹೋಯ್ತು. ಮಾರನೇ ದಿನ ಇನ್ನೊಂದು ಕಂಡಿದ್ದು, ಕ್ಯಾಬಿನೆಟ್ ಮುಟ್ಟಿದ್ರೆ ಬೆರಳಿಗೆ ಜುಮ್ ಅನ್ನುತ್ತೆ. ಎಲೆಕ್ಟ್ರಿಷಿಯನ್ ಬಂದು ಸಾಕೆಟ್ ಬಿಚ್ಚಿದ್ರೆ ಮೂರನೇ ತೂತಿಗೆ ವೈರೇ ಇಲ್ಲ, ಮನೆ ಕಟ್ಟಿದಾಗಿಂದ ಅರ್ಥಿಂಗ್ ಕೊಟ್ಟೇ ಇಲ್ಲ. ಅದನ್ನ ಸರಿ ಮಾಡ್ಸಿದ್ವಿ. ಕಂಪ್ಯೂಟರಿಗೆ ಸಾವಿರಾರು ಸುರಿಯೋರು ದಯವಿಟ್ಟು ಇದನ್ನ ಮೊದಲು ನೋಡ್ಕೊಳ್ಳಿ. ಇವತ್ತಿನವರೆಗೂ ಆ ಮೆಷಿನ್ ಒಂದು ದಿನ ಕೈಕೊಟ್ಟಿಲ್ಲ, ವ್ಯಾಲರಂಟ್ ಆಟ ಸಲೀಸಾಗಿ ಓಡುತ್ತೆ, ಜಿಟಿಎ 5 ಸೆಟ್ಟಿಂಗ್ಸ್ ಕಮ್ಮಿ ಇಟ್ಕೊಂಡು ಆಡ್ತಾನೆ, ಕಾಲೇಜಿನ ಆಟೋಕ್ಯಾಡ್ ಡ್ರಾಯಿಂಗ್ ಕೆಲಸನೂ ಅದ್ರಲ್ಲೇ.

ಗೇಮಿಂಗ್ ಅಂದ ಕೂಡ್ಲೇ ಹಾಳಾಗೋ ದಾರಿ ಅನ್ನೋ ಹಿರಿಯರಿಗೆ ಒಂದೇ ಮಾತು, ದುಡ್ಡು ಕಟ್ಟಿ ಆಡೋ ಆಪ್‌ಗಳು ಬೇರೆ, ಇದು ಬೇರೆ. 2025ರ ಆಗಸ್ಟಿನಲ್ಲಿ ಪಾರ್ಲಿಮೆಂಟು ಪಾಸ್ ಮಾಡಿದ ಕಾನೂನೇ ದುಡ್ಡಿನ ಆಟಗಳನ್ನ ನಿಷೇಧಿಸಿ ಇ-ಸ್ಪೋರ್ಟ್ಸಿಗೆ, ಅಂದ್ರೆ ವಿಡಿಯೊ ಗೇಮ್ ಪಂದ್ಯಗಳಿಗೆ, ಉತ್ತೇಜನ ಕೊಡ್ಬೇಕು ಅಂತ ಹೇಳಿದೆ.

ಈಗ ಈ ಮಾತು ಜೋರಾಗಿ ಹೇಳ್ಬೇಕಾಗಿರೋದು ರ‍್ಯಾಮ್ ರೇಟಿನಿಂದ. ಎಐ ಡೇಟಾ ಸೆಂಟರ್‌ಗಳಿಗೇ ಮೆಮೊರಿ ಚಿಪ್ ಹೋಗ್ತಿರೋದ್ರಿಂದ ನಾವು ಕೊಂಡಾಗಿನ ರೇಟಿಗೂ ಈಗಿನದಕ್ಕೂ ಎರಡು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ ಆಗಿದೆ, ಮೈಕ್ರಾನ್ ಕಂಪನಿ ಅಂತೂ ನಮ್ಮಂಥೋರು ಕೊಳ್ತಿದ್ದ ಕ್ರೂಷಿಯಲ್ ರ‍್ಯಾಮ್ ವ್ಯಾಪಾರನೇ ನಿಲ್ಲಿಸ್ತೀವಿ ಅಂತ 2025ರ ಡಿಸೆಂಬರಿನಲ್ಲಿ ಘೋಷಿಸ್ತು. ಹೊಸದು ಕೈಗೆ ಸಿಗದೇ ಇದ್ದಾಗ ಹಳ್ಳಿ ಕಡೆ ಹುಡುಗರು ಮತ್ತೆ ಆ ಹಳೇ ಡಿಡಿಆರ್3 ಸೆಟ್‌ಗಳ ಕಡೆಗೇ ಹೋಗ್ತಾರೆ. ಹಳೇದು ಮಾರೋದು ತಪ್ಪು ಅಂತ ನಾನು ಹೇಳಲ್ಲ, ಹಳೇದು ಅಂತ ಹೇಳಿ, ಬರೆದು ಮಾರಿ.

ಇನ್ನೂರು ರೂಪಾಯಿ ದಾಟಿದ ಮಾರಾಟಕ್ಕೆ ಜಿಎಸ್‌ಟಿ ನೋಂದಣಿ ಇರೋ ಅಂಗಡಿ ಕೇಳದಿದ್ರೂ ಬಿಲ್ ಕೊಡಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಬಿಲ್ ಕೊಡದೇ ಇರೋದೇ ಅನುಚಿತ ವ್ಯಾಪಾರ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಹೇಳಬಹುದು. ಇದು ನಮ್ಮ ತಮ್ಮನಿಗೆ ಗೊತ್ತಿರ್ಲಿಲ್ಲ, ಅವನ ಕ್ಲಾಸಿನ ಯಾರಿಗೂ ಗೊತ್ತಿರ್ಲಿಲ್ಲ. ಸಂಬಂಧಪಟ್ಟ ಅಧಿಕಾರಿಗಳು ಇಂಥ ಜಾಹೀರಾತಿನ ಅಂಗಡಿಗಳಿಗೆ ಹೋಗಿ ಪ್ರೊಸೆಸರಿನ ಪೂರ್ತಿ ಮಾಡೆಲ್ ನಂಬರ್, ಯಾವ ವರ್ಷದ್ದು, ಹೊಸದೋ ಹಳೇದೋ ಅಂತ ಬರೆಸಲಿ. ನಿಮ್ಮ ಪತ್ರಿಕೆಯ ಯುವಜನರ ಪುಟದಲ್ಲಿ ಹೊಸ ಫೋನ್ ಬಗ್ಗೆ ಬರೋವಷ್ಟೇ ಜಾಗ ತಿಂಗಳಿಗೊಂದ್ಸಲ ಈ ಪಾರ್ಟ್‌ಗಳ ರೇಟು, ಮಾಡೆಲ್ ಓದೋದು ಹೇಗೆ ಅನ್ನೋದಕ್ಕೆ ಕೊಟ್ರೆ ಪುಣ್ಯ ಬರುತ್ತೆ.

ಪಕ್ಕದ ಮನೆ ಹುಡುಗನ ಕೈಲಿ ಆ ಜಾಹೀರಾತಿನ ನಂಬರಿಗೆ ಮೆಸೇಜ್ ಹಾಕಿಸ್ದೆ, ಯಾವ ಐ7, ಯಾವ ಗ್ರಾಫಿಕ್ಸ್ ಕಾರ್ಡ್, ಎಸ್‌ಎಂಪಿಎಸ್ ಯಾವ ಕಂಪನಿ, ಬಿಲ್ಲಿನಲ್ಲಿ ಇದೆಲ್ಲ ಬರೆದು ಕೊಡ್ತೀರಾ ಅಂತ. ನೋಡಿದ್ದಾರೆ, ಐದು ದಿನ ಆದ್ರೂ ಉತ್ತರ ಬಂದಿಲ್ಲ. ಶನಿವಾರ ಅವನನ್ನೂ ಕರ್ಕೊಂಡು ನಾನೂ ತಮ್ಮನೂ ಟ್ರೇನ್ ಹತ್ತಬೇಕು ಅಂತಿದ್ದೀವಿ.

ಇಂತಿ,
ನಿಮ್ಮ ಪತ್ರಿಕೆಯ ಓದುಗಿ, ತುಮಕೂರು