ಹಳೆಯ ಗಣಕಕ್ಕೆ ವೇಗವರ್ಧಕ: ಮೊದಲು ಬೋರ್ಡ್ ನೋಡಿ

ಮಾನ್ಯರೇ,

ಹಳೆಯ ಗೃಹಬಳಕೆಯ ಗಣಕಗಳಿಗೆ ವೇಗವರ್ಧಕ ಕಾರ್ಡ್ (ಹೆಚ್ಚು ವೇಗದ ಪ್ರೊಸೆಸರ್ ಅಥವಾ ಹೆಚ್ಚುವರಿ ಮೆಮೊರಿ ಇರುವ ಬಿಡಿ ಫಲಕ) ಜೋಡಿಸಿದರೆ ಅವುಗಳ ಮೂಲ ಸ್ವರೂಪವೇ ಕೆಡುತ್ತದೆ ಎಂಬ ಆಕ್ಷೇಪವನ್ನು ನಾನು ಒಪ್ಪಲಾರೆ. 1992ರಲ್ಲಿ ಕಮೊಡೋರ್ ಕಂಪನಿ ಹೊರತಂದ ಅಮಿಗಾ 1200ರ ತಳಭಾಗದಲ್ಲಿ ಇಂಥ ವಿಸ್ತರಣೆಗೆಂದೇ ಒಂದು ಪುಟ್ಟ ಮುಚ್ಚಳವಿದ್ದು, ಅದನ್ನು ತೆಗೆದು ಕಾರ್ಡನ್ನು ಒತ್ತಿ ಕೂರಿಸಬಹುದು; ಬೆಸುಗೆಯ ಅಗತ್ಯವಿಲ್ಲ, ಬೇಡವೆನಿಸಿದ ದಿನ ಕಳಚಿಟ್ಟರೆ ಯಂತ್ರ ಮೊದಲಿನಂತೆಯೇ ಇರುತ್ತದೆ. ಅದರ 14 ಮೆಗಾಹರ್ಟ್ಸ್‌ನ ಮೋಟೊರೋಲಾ ಪ್ರೊಸೆಸರ್, ಇರುವ 2 ಎಂಬಿ ಮೆಮೊರಿಯನ್ನು ಚಿತ್ರ ಮತ್ತು ಧ್ವನಿಯ ಚಿಪ್‌ಗಳೊಡನೆ ಹಂಚಿಕೊಂಡು ತನ್ನ ಸರದಿಗಾಗಿ ಕಾಯಬೇಕಾಗುತ್ತದೆ. ಆದ್ದರಿಂದ ಪ್ರೊಸೆಸರ್ ಬದಲಿಸದೆ, ಅದಕ್ಕೇ ಮೀಸಲಾದ ಮೆಮೊರಿಯನ್ನಷ್ಟೇ ಸೇರಿಸಿದರೂ ವೇಗ ಸುಮಾರು ಇಮ್ಮಡಿಯಾಗುತ್ತದೆ. 50 ಮೆಗಾಹರ್ಟ್ಸ್‌ನ 68030 ಎಂಬ, ಇನ್ನೂ ವೇಗದ ಪ್ರೊಸೆಸರ್ ಇರುವ ಕಾರ್ಡ್ ಹಾಕಿದರಂತೂ ಹೇಳುವುದೇ ಬೇಡ.

ನನ್ನ ಆತಂಕ ಬೇರೆಯದು. ಈ ಯಂತ್ರದ ಬೋರ್ಡ್ ಮೇಲಿನ ವಿದ್ಯುತ್ತನ್ನು ಹಿಡಿದಿಡುವ, ಒಳಗೆ ದ್ರವವಿರುವ ಎಲೆಕ್ಟ್ರೋಲೈಟಿಕ್ ಕೆಪಾಸಿಟರ್‌ಗಳು ವಯಸ್ಸಾದಂತೆ ಸೋರಿ, ಸುತ್ತಲಿನ ತಾಮ್ರದ ಎಳೆಗಳನ್ನು ತಿಂದುಹಾಕುತ್ತವೆ. ಅವುಗಳ ಬುಡದಲ್ಲಿ ಬೆಸುಗೆಯ ಹೊಳಪು ಮಂಕಾಗಿರುವುದು ಇದರ ಸುಳಿವು. ಅವನ್ನು ಬದಲಿಸದೆ, ಹಳೆಯ ಪವರ್ ಸಪ್ಲೈ ಹೊಸ ಹೊರೆಯನ್ನು ತಾಳೀತೇ ಎಂದು ಪರೀಕ್ಷಿಸದೆ ಯಾರೂ ದುಬಾರಿ ಕಾರ್ಡ್ ಕೊಳ್ಳಬಾರದೆಂದು ಆಸಕ್ತರಲ್ಲಿ ವಿನಂತಿಸುತ್ತೇನೆ.

– ಓದುಗ, ಮೈಸೂರು