12 ಲಕ್ಷದ ಲೆಕ್ಕ ಬೇರೆ, 40 ಲಕ್ಷದ ಲೆಕ್ಕ ಬೇರೆ

ಮಾನ್ಯ ಸಂಪಾದಕರೇ,

ಯುಪಿಐ ಜಮೆ ಆಧರಿಸಿ ವಾಣಿಜ್ಯ ತೆರಿಗೆ ಇಲಾಖೆ 2025ರ ಜುಲೈನಲ್ಲಿ ಸಣ್ಣ ಅಂಗಡಿಗಳಿಗೆ ಕಳಿಸಿದ ಜಿಎಸ್‌ಟಿ ನೋಟಿಸಿನ ಗದ್ದಲ ಅಡಗಿದೆ. ಹಳೆಯ ಬಾಕಿ ಕೇಳುವುದಿಲ್ಲವೆಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಹೇಳಿದ್ದೂ ಆಯಿತು. ಆದರೂ ‘12 ಲಕ್ಷದವರೆಗೆ ತೆರಿಗೆಯೇ ಇಲ್ಲವಲ್ಲ, ನಮಗ್ಯಾಕೆ ನೋಟಿಸು?’ ಎಂಬ ಮಾತು ಗಲ್ಲಾಪೆಟ್ಟಿಗೆಯ ಹಿಂದೆ ಇನ್ನೂ ಕೇಳಿಬರುತ್ತದೆ.

12 ಲಕ್ಷದ ರಿಯಾಯಿತಿ ಆದಾಯ ತೆರಿಗೆಯದು. ಅದು ಕೇಳುವುದು ಎಷ್ಟು ಉಳಿಯಿತು ಎಂದು. ಜಿಎಸ್‌ಟಿ ಕೇಳುವುದು ಎಷ್ಟು ಮಾರಿದಿರಿ ಎಂದು. ವರ್ಷಕ್ಕೆ 50 ಲಕ್ಷ ರೂಪಾಯಿ ವ್ಯಾಪಾರದ ಒಂದು ದಿನಸಿ ಅಂಗಡಿ ಇದೆ ಎನ್ನಿ. ಹಣವೆಲ್ಲ ಯುಪಿಐನಲ್ಲೇ ಬಂದಿದ್ದರೆ ಅಂದಾಜು ಆದಾಯದ ನಿಯಮದಲ್ಲಿ ಶೇ 6ರಷ್ಟು, ಅಂದರೆ 3 ಲಕ್ಷ ಲಾಭ ತೋರಿಸಿದರೆ ಸಾಕು (ಹೆಚ್ಚು ಉಳಿದಿದ್ದರೆ ಹೆಚ್ಚೇ ತೋರಿಸಬೇಕು). ಆದಾಯ ತೆರಿಗೆ ಸೊನ್ನೆ. ಆದರೆ ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ 40 ಲಕ್ಷ, ಅದು ದಾಟಿಹೋಗಿದೆ. ಬೇಕರಿಯಲ್ಲೇ ಕೂರಿಸಿ ಚಹಾ-ತಿಂಡಿ ಕೊಟ್ಟರೆ ಅದು ಸೇವೆ, ಮಿತಿ 20 ಲಕ್ಷಕ್ಕೆ ಇಳಿಯುತ್ತದೆ.

ಈ 50 ಲಕ್ಷದಲ್ಲಿ 30 ಲಕ್ಷ ಹಾಲು, ತರಕಾರಿ, ಬ್ರೆಡ್ಡಿನದು. ಇವಕ್ಕೆ ತೆರಿಗೆ ಇಲ್ಲ, ಆದರೆ ಮಿತಿಯ ಲೆಕ್ಕಕ್ಕೆ ಸೇರುತ್ತವೆ. ಬರೀ ಹಾಲು-ತರಕಾರಿ ಮಾರುವವರು ಎಷ್ಟು ಮಾರಿದರೂ ನೋಂದಣಿ ಬೇಕಿಲ್ಲ; ಜೊತೆಗೆ ನಾಲ್ಕು ಬಿಸ್ಕತ್ತಿನ ಪೊಟ್ಟಣ ಇಟ್ಟರೋ, ಪೂರ್ತಿ ವಹಿವಾಟು ಎಣಿಕೆಗೆ ಬಂತು. ಸಕಾಲದಲ್ಲಿ ರಾಜಿ ತೆರಿಗೆಗೆ (ಸಣ್ಣ ವ್ಯಾಪಾರಿಗಳು ಕಡಿಮೆ ದರದಲ್ಲಿ ಜಿಎಸ್‌ಟಿ ಕಟ್ಟುವ ‘ಕಾಂಪೊಸಿಷನ್’ ಪದ್ಧತಿ) ಸೇರಿದ್ದರೆ ಉಳಿದ 20 ಲಕ್ಷಕ್ಕೆ ಶೇ 1, ವರ್ಷಕ್ಕೆ 20 ಸಾವಿರದಲ್ಲಿ ಮುಗಿಯುತ್ತಿತ್ತು. ಅದನ್ನು ಗಿರಾಕಿಯಿಂದ ಬೇರೆಯಾಗಿ ವಸೂಲಿ ಮಾಡುವಂತಿಲ್ಲ ಎನ್ನುವುದು ನಿಜ, ಆದರೂ ಅಂಗಡಿ ತಡೆದುಕೊಳ್ಳುವ ಮೊತ್ತ.

ಹಿಂದಿನ ವರ್ಷಗಳಿಗೆ ರಾಜಿ ತೆರಿಗೆಯ ಅವಕಾಶ ಸಿಗುವುದಿಲ್ಲ. ಸರಕು ವಿಂಗಡಿಸದೆ 50 ಲಕ್ಷಕ್ಕೂ ಶೇ 18 ಹಾಕಿದರೆ 9 ಲಕ್ಷ: ತೋರಿಸಿದ ಲಾಭದ ಮೂರು ಪಟ್ಟು, ಬಡ್ಡಿ ಬೇರೆ. ಸಗಟು ವ್ಯಾಪಾರಿಗೆ ಕಟ್ಟಿದ್ದ ತೆರಿಗೆಯೂ ಇದರಲ್ಲಿ ವಜಾ ಆಗುವುದಿಲ್ಲ, ಆಗ ನೋಂದಣಿಯೇ ಇರಲಿಲ್ಲವಲ್ಲ. ಜಿಎಸ್‌ಟಿಯ ಹೊರೆ ಹೊರಬೇಕಾದವನು ಕೊಂಡವನು. ಮೂರು ವರ್ಷದ ಹಿಂದೆ ಸೋಪು ಕೊಂಡವನನ್ನು ಈಗ ಎಲ್ಲಿ ಹುಡುಕುವುದು? ತಡವಾಗಿ ಕೇಳಿದ ಬಳಕೆ ತೆರಿಗೆ ಅಂಗಡಿಯ ಬಂಡವಾಳವನ್ನೇ ಕರಗಿಸುತ್ತದೆ.

‘ಯುಪಿಐ ಇಲ್ಲ, ಕ್ಯಾಶ್ ಮಾತ್ರ’ ಎಂಬ ಬೋರ್ಡಿನಿಂದ ಪ್ರಯೋಜನವಿಲ್ಲ. ನಗದು ಮಾರಾಟವೂ ವಹಿವಾಟೇ. ಮೇಲಾಗಿ ಅದಕ್ಕೆ ಅಂದಾಜು ಲಾಭ ಶೇ 6 ಅಲ್ಲ, ಶೇ 8. ಅದರ ಬದಲು ಮನೆಯ ಹಣ, ಕೈಸಾಲಕ್ಕೆ ಬೇರೆ ಖಾತೆ ಇಟ್ಟು ಅಂಗಡಿಯ ಕ್ಯೂಆರ್ ಕೋಡ್ ವ್ಯಾಪಾರಕ್ಕಷ್ಟೇ ಬಳಸಲಿ. ತೆರಿಗೆ ಇರುವ, ಇಲ್ಲದ ಸರಕಿನ ಖರೀದಿ ಬಿಲ್ಲುಗಳನ್ನು ಬೇರೆ ಬೇರೆ ಫೈಲಿನಲ್ಲಿಡಲಿ.

ಇಲಾಖೆಯೂ ಮಿತಿ ದಾಟಿದವರಿಗೆ ಆ ವರ್ಷವೇ ತಿಳಿಸಬೇಕು. 40 ಲಕ್ಷದ ಎಣಿಕೆಯಿಂದ ತೆರಿಗೆಯಿಲ್ಲದ ಸರಕನ್ನು ಕೈಬಿಡಲು ಕಾಯ್ದೆಗೆ ತಿದ್ದುಪಡಿ ಬೇಕು. ರಾಜ್ಯ ಸರ್ಕಾರ ಅದನ್ನು ಜಿಎಸ್‌ಟಿ ಮಂಡಳಿಯ ಮುಂದಿಡಲಿ.

– ಒಬ್ಬ ತೆರಿಗೆ ಸಲಹೆಗಾರ, ದಾವಣಗೆರೆ